ಲಿನಕ್ಸ್ ಕಲಿಸಿಕೊಟ್ಟವರು

1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಹೊರತಂದ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಕರ್ನಾಟಕದಲ್ಲಿ ಬೇರೂರಿದ್ದು ಹವ್ಯಾಸಿಗಳ ಕೈಯಲ್ಲಿ. ಮೋಡೆಮ್‌ನಲ್ಲಿ ಅದನ್ನು ಇಳಿಸಿಕೊಳ್ಳುವುದು ಆಗದ ಮಾತಾಗಿದ್ದ ಕಾಲ. ಪಿಸಿ ಕ್ವೆಸ್ಟ್ ಪತ್ರಿಕೆ ಸಿ.ಡಿ.ಯಲ್ಲೇ ಓದುಗರಿಗೆ ಮುಟ್ಟಿಸಿತು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು.

ಸಿ.ಡಿ. ಸಿಕ್ಕರೆ ಸಾಲದು, ಹಾಕಿಕೊಳ್ಳಲು ಬರಬೇಕಲ್ಲ! ಬಲ್ಲವರು ಹೊಸಬರಿಗೆ ಹೇಳಿಕೊಟ್ಟರು. ಬೆಂಗಳೂರಿನ ಲಿನಕ್ಸ್ ಬಳಕೆದಾರರ ಗುಂಪು ಬೆಳೆದದ್ದೇ ಹೀಗೆ. 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ 2005ರಲ್ಲಿ ‘ಫಾಸ್ ಡಾಟ್ ಇನ್’ ಆಯಿತು.

ಲಿನಕ್ಸ್‌ನಲ್ಲಿ ಕನ್ನಡದ ತೊಡಕು ಬೇರೆಯೇ. ಯೂನಿಕೋಡ್‌ನಲ್ಲಿ ‘ಅಜ್ಜಂಪುರ’ ಎಂದರೆ ಎಂಟು ಸಂಕೇತಗಳ ಸಾಲು; ಜ, ಹಲಂತ ಚಿಹ್ನೆ, ಮತ್ತೊಂದು ಜ ಕೂಡಿ ‘ಜ್ಜ’ ಆಗುವಂತೆ ತಂತ್ರಾಂಶವೇ ಜೋಡಿಸಬೇಕು. ತಪ್ಪಿದರೆ ಒತ್ತಕ್ಷರ ಒಡೆದು ಕಾಣುತ್ತದೆ. ಇಂಥ ದೋಷಗಳನ್ನು ಹುಡುಕಿ ತಿಳಿಸಿದವರಲ್ಲಿ, ಮೆನುಗಳನ್ನು ಕನ್ನಡಕ್ಕೆ ತಂದವರಲ್ಲಿ ಬಿಡುವಿನ ವೇಳೆಯನ್ನು ಇದಕ್ಕೇ ಕೊಟ್ಟ ಸ್ವಯಂಸೇವಕರೂ ಇದ್ದರು.