ಎದುರು ಮೇಳ ಇಲ್ಲದೆ ಹಾಡಿಲ್ಲ

ಗೆಳೆಯರೆ, ಈ ಸಲ ಸ್ವಲ್ಪ ದೂರದಿಂದ ಸುತ್ತು ಹಾಕಿಕೊಂಡು ನಮ್ಮೂರ ಕಡೆ ಬರ್ತೀನಿ, ಬೇಜಾರು ಮಾಡ್ಕೋಬೇಡಿ :)

ಮೇಜಿನ ಸುತ್ತ ಕೂತು ಆಡೋ ರೋಲ್‌ಪ್ಲೇಯಿಂಗ್ ಆಟ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ನಾಲ್ಕೈದು ಜನ ಒಂದೊಂದು ಪಾತ್ರವಾಗಿ ಮಾತಾಡ್ತಾರೆ, ಒಬ್ಬ ಸೂತ್ರಧಾರ ಕಥೆ ನಡೆಸ್ತಾನೆ, ಕೈಗೂಡಿತೋ ಇಲ್ಲವೋ ಅನ್ನೋದನ್ನ ದಾಳ ಹೇಳತ್ತೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ 1974ರಲ್ಲಿ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಇದರ ಮೊದಲ ಪುಸ್ತಕ. ಈಗ ಆಡೋದಷ್ಟೇ ಅಲ್ಲ, ಆಡೋದನ್ನ ವಿಡಿಯೋದಲ್ಲಿ ನೋಡೋ ಜನಾನೂ ತುಂಬಾ ಇದ್ದಾರೆ. 2015ರಲ್ಲಿ ‘ಕ್ರಿಟಿಕಲ್ ರೋಲ್’ ಶುರುವಾಯ್ತು, 2018ರಲ್ಲಿ ‘ಡೈಮೆನ್ಷನ್ 20’. ಎರಡಕ್ಕೂ ಬೇಕಾದ ಪ್ರೇಕ್ಷಕರು ಒಂದೇ ಬಗೆಯವರು. ಲೆಕ್ಕಪ್ರಕಾರ ಹಾವು ಮುಂಗುಸಿ ಆಗಬೇಕಿತ್ತು. ಆದರೆ 2019ರಲ್ಲಿ ಅವರ ಸೂತ್ರಧಾರ ಮ್ಯಾಥ್ಯೂ ಮರ್ಸರ್ ಇವರಲ್ಲಿಗೆ ಆಡಲು ಬಂದ. 2022ರಲ್ಲಿ ಇವರ ಬ್ರೆನನ್ ಲೀ ಮಲ್ಲಿಗನ್ ಅವರ ಲೋಕದ ಕಥೆ ನಡೆಸಿದ. 2025ರ ಅಕ್ಟೋಬರಿನಲ್ಲಿ ಶುರುವಾದ ‘ಕ್ರಿಟಿಕಲ್ ರೋಲ್’ನ ನಾಲ್ಕನೇ ಕಥಾಸರಣಿಗೆ ಅವನೇ ಸೂತ್ರಧಾರ!

ಇದನ್ನ ದೊಡ್ಡ ಹೊಸ ಸಂಗತಿ ಅಂತ ಹೇಳೋರನ್ನ ಕಂಡಾಗ ನನಗೆ ಒಳಗೊಳಗೇ ನಗು. ಯಾಕಂದ್ರೆ ನಮ್ಮ ತಿಕೋಟಾ, ಬಬಲೇಶ್ವರ, ಇಂಡಿ ಕಡೆ ಎದುರಾಳಿಗಳು ಕೂಡಿ ಕಟ್ಟೋ ಆಟ ಹಳೇದು. ಅದೇ ಹರದೇಶಿ-ನಾಗೇಶಿ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಗೀಗೀ ಪದದ ಎರಡು ಮೇಳ. ಕೈಯಲ್ಲಿ ಡಪ್ಪು, ತುಂತುಣಿ, ತಾಳ. ಮುಂದಿನವರು ನುಡಿ ಎತ್ತಿದರೆ ಹಿಂದಿನವರು ‘ಗೀ ಗೀ’ ಅಂತ ದನಿಗೂಡಿಸ್ತಾರೆ. ಹರದೇಶಿಯವರದು ಶಿವ ದೊಡ್ಡವ, ಪುರುಷ ಹೆಚ್ಚು ಅನ್ನೋ ವಾದ. ನಾಗೇಶಿಯವರದು ಶಕ್ತಿ ದೊಡ್ಡಾಕಿ, ಹೆಣ್ಣು ಹೆಚ್ಚು ಅನ್ನೋ ವಾದ. ಒಂದು ಮೇಳ ಪುರಾಣದಿಂದಲೋ ಸಂಸಾರದಿಂದಲೋ ಒಂದು ಸವಾಲ್ ಎಸೀತದೆ, ಇನ್ನೊಂದು ಮೇಳ ಹಾಡಿನಲ್ಲೇ ಜವಾಬ್ ಕೊಡಬೇಕು. ಜಾತ್ರೆಗೆ ಕರೆಸೋವಾಗ ಒಂದೇ ಮೇಳ ಕರೆಸಿದರೆ ಏನು ಬಂತು? ಸವಾಲಿಗೆ ಜವಾಬು ಹೇಳೋರೇ ಇರಲ್ಲ. ಅಂದ್ರೆ ರಾತ್ರಿಯಿಡೀ ಬಯ್ದಾಡಿಕೊಳ್ಳೋ ಇಬ್ಬರೂ ಒಬ್ಬರಿಗೊಬ್ಬರು ಅನ್ನ.

ಇದೇ ಪಂಥಕ್ಕೆ ಕಲ್ಗಿ-ತುರಾ ಅಂತಾನೂ ಹೆಸರು. ಮಹಾರಾಷ್ಟ್ರದಲ್ಲೂ ಉಂಟು, ರಾಜಸ್ಥಾನ, ಮಧ್ಯಪ್ರದೇಶಗಳಲ್ಲೂ ಉಂಟು. ಆ ಕಡೆ ಒಂದು ಕಥೆ ಹೇಳ್ತಾರೆ. ತುಕನಗೀರ ಅಂತ ಒಬ್ಬ ಸಾಧು, ಶಾ ಅಲಿ ಅಂತ ಒಬ್ಬ ಫಕೀರ, ಇಬ್ಬರೂ ಹಾಡಿನಲ್ಲಿ ವಾದಕ್ಕೆ ಬಿದ್ದರು. ರಾಜ ಮೆಚ್ಚಿ ತನ್ನ ಮುಂಡಾಸಿನ ತುರಾಯಿ ಒಬ್ಬನಿಗೆ, ಕಲ್ಗಿ ಇನ್ನೊಬ್ಬನಿಗೆ ಕೊಟ್ಟ. ಕಥೆ ನಿಜವೋ ಸುಳ್ಳೋ, ಅದರ ತಿರುಳು ನೋಡಿ: ಒಂದೇ ಮುಂಡಾಸಿನ ಎರಡು ಒಡವೆ!

ನಮ್ಮ ಜಿಲ್ಲೆಯಲ್ಲೂ ಇದೇ ಕೂಡುಬಾಳು. ಹಲಸಂಗಿಯ ಖಾಜಾಭಾಯಿ ಹೆಸರಾಂತ ಲಾವಣಿಕಾರ. ಅದೇ ಊರಿನಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಗೆಳೆಯರ ಗುಂಪು ಕಟ್ಟಿ ಜನರ ಬಾಯಲ್ಲಿದ್ದ ಹಾಡು ಕೂಡಿಹಾಕಿದರು. 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ‘ಜೀವನ ಸಂಗೀತ’ ಅಚ್ಚಾದವು. ಅವರು ಬರೆದಿಡದೆ ಹೋಗಿದ್ದರೆ ಎಷ್ಟು ಹಾಡು ಹಾಡಿದವರ ಜೊತೆಗೇ ಮಣ್ಣಾಗ್ತಿದ್ದವೋ.

ಈಗ ನನ್ನ ಚಿಂತೆಗೆ ಬರ್ತೀನಿ. ಕೂಡಿ ಮಾಡಿದ ಕೆಲಸದಲ್ಲಿ ಜಗಳ ಬರೋದು ಹೆಸರಿಗೆ. ಮೇಲೆ ಹೇಳಿದ ಆರ್ನೆಸನ್ ತನ್ನ ಹೆಸರು ಮತ್ತು ಪಾಲಿಗಾಗಿ 1979ರಲ್ಲಿ ಕೋರ್ಟಿಗೆ ಹೋದ, 1981ರಲ್ಲಿ ರಾಜಿ ಆಯ್ತು. ನಮ್ಮ ಲಾವಣಿಕಾರರು ಇದಕ್ಕೆ ಕೋರ್ಟಿಲ್ಲದ ಉಪಾಯ ಮಾಡಿಕೊಂಡಿದ್ದರು. ಕಡೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕವಿಯ ಹೆಸರು ಹೆಣೆದುಬಿಡೋರು. ಹಾಡು ಯಾರ ಬಾಯಿಗೆ ಹೋದರೂ ಹೆಸರು ಅದರ ಬೆನ್ನಿಗೇ ಹೋಗ್ತಿತ್ತು.

ಈಗ ಯೂಟ್ಯೂಬಿನಲ್ಲಿ ಹರದೇಶಿ-ನಾಗೇಶಿ ಬೇಕಾದಷ್ಟು ಸಿಗತ್ತೆ, ಒಳ್ಳೇದೇ. ಊರು ಬಿಟ್ಟು ಪುಣೆ, ಬೆಂಗಳೂರು ಸೇರಿದವರೂ ಕೇಳ್ತಾರೆ. ಆದರೆ ನಾನು ನೋಡಿದ ಎಷ್ಟೋ ತುಣುಕುಗಳಲ್ಲಿ ನಗು ಬರೋ ಒಂದು ನುಡಿ ಇರತ್ತೆ, ಅದಕ್ಕೆ ಎದುರು ಮೇಳದ ಜವಾಬು ಇರಲ್ಲ. ಕಡೆಯ ನುಡಿಯಂತೂ ಇರೋದೇ ಇಲ್ಲ. ಒಂದೇ ಕತ್ತರಿಗೆ ಎರಡು ತಲೆ! ಎದುರಾಳಿಯೂ ಹೋದ, ಕವಿಯೂ ಹೋದ. ಹೆಣ್ಣನ್ನು ಹೀಗಳೆದ ಸವಾಲೊಂದೇ ಉಳಿದರೆ, ನಾಗೇಶಿಯವರು ಅದಕ್ಕೆ ಕೊಟ್ಟ ಪೆಟ್ಟು ಕೇಳದವರು ನಮ್ಮ ಹಿರಿಯರ ಬಗ್ಗೆ ಏನು ತಿಳಿದಾರು ಹೇಳಿ?

ಹಾಗಾಗಿ ಒಂದೇ ಕೋರಿಕೆ. ನಿಮ್ಮೂರ ಜಾತ್ರೆಯಲ್ಲಿ ಮೊಬೈಲು ಎತ್ತಿದರೆ ಸವಾಲ್ ಹಿಡಿದಷ್ಟೇ ಹೊತ್ತು ಜವಾಬನ್ನೂ ಹಿಡಿಯಿರಿ. ಎರಡೂ ಮೇಳದ ಹೆಸರು, ಊರು ಕೇಳಿ ಬರೆಯಿರಿ. ಕಡೆಯ ನುಡಿ ಮುಗಿಯೋ ತನಕ ಕೈ ನೋಯಿಸಿಕೊಳ್ಳಿ. ಹಲಸಂಗಿಯವರು ಕಾಗದ ಪೆನ್ನಿನಲ್ಲಿ ಮಾಡಿದ್ದಕ್ಕೆ ಹೋಲಿಸಿದರೆ ಇದೇನು ದೊಡ್ಡ ಕೆಲಸ ಅಲ್ಲ, ಏನಂತೀರಿ?