ಡೆಂಕಾಲಿಯ ಮುಸುಕುಧಾರಿ

ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ. ಮೈಗಂಟಿದ ಉಡುಪು, ಮುಖವಾಡ, ಪಾಪೆಯಿಲ್ಲದ ಬಿಳಿ ಕಣ್ಣುಗಳ ಫ್ಯಾಂಟಮ್ ಅದಕ್ಕೂ ಎರಡು ವರ್ಷ ಮೊದಲೇ, 1936ರ ಫೆಬ್ರುವರಿ 17ರಂದು, ಅಮೆರಿಕದ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿದ್ದ. ಕತೆ ಲೀ ಫಾಕ್‌ರದು, ಚಿತ್ರ ರೇ ಮೂರ್‌ರದು. ಹಾರಾಟ, ಪವಾಡ ಯಾವುದೂ ಇವನಿಗಿಲ್ಲ. ಅಪ್ಪ ಸತ್ತರೆ ಮಗ ಅದೇ ಉಡುಪು ತೊಡುತ್ತಾನೆ; ನಾಯಕ ಇಪ್ಪತ್ತೊಂದನೆಯವನು. ಕಾಡಿನ ಜನ ಮಾತ್ರ ಅವನಿಗೆ ಸಾವೇ ಇಲ್ಲವೆಂದು ನಂಬಿದ್ದಾರೆ. ಪೆಟ್ಟು ತಿಂದವನ ದವಡೆಯ ಮೇಲೆ ಉಂಗುರದ ತಲೆಬುರುಡೆ ಗುರುತು ಅಚ್ಚೊತ್ತುತ್ತದೆ.

ಭಾರತದಲ್ಲಿ ಅವನನ್ನು ಮನೆಮಾತಾಗಿಸಿದ್ದು ಟೈಮ್ಸ್ ಆಫ್ ಇಂಡಿಯಾ ಬಳಗ 1964ರ ಮಾರ್ಚ್‌ನಲ್ಲಿ ಶುರುಮಾಡಿದ ಇಂದ್ರಜಾಲ ಕಾಮಿಕ್ಸ್. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಬಂತು. ಇಲ್ಲಿನ ಓದುಗರನ್ನು ಕೆಣಕದಿರಲು ಸಂಪಾದಕರು ಕತ್ತರಿ ಆಡಿಸಿದರು: ಫ್ಯಾಂಟಮ್‌ನ ಕಾಡುನಾಡು ‘ಬೆಂಗಾಲಿ’ ಡೆಂಕಾಲಿಯಾಯಿತು, ಅವನ ವೈರಿಗಳಾದ ‘ಸಿಂಗ್’ ಕಡಲ್ಗಳ್ಳರು ‘ಸಿಂಗಾ’ ಆದರು.

ಕರಿಯರ ಕಾಡಿಗೆ ಬಿಳಿಯ ಕಾವಲುಗಾರ! ವಸಾಹತುಶಾಹಿಯ ವಾಸನೆ ಮೂಗಿಗೆ ಬಡಿಯುತ್ತದೆ, ಸುಳ್ಳಲ್ಲ. ಆದರೂ ಪಪುವಾ ನ್ಯೂಗಿನಿಯ ವಾಗಿ ಕಣಿವೆಯ ಬುಡಕಟ್ಟಿನವರು ಯುದ್ಧದ ಗುರಾಣಿಗಳ ಮೇಲೆ ಇವನನ್ನೇ ಬರೆದುಕೊಂಡರು. ಸಾವಿಲ್ಲದವನ ಚಿತ್ರ, ಗುರಾಣಿಗೆ ಒಪ್ಪುವಂಥದ್ದೇ. ಆ ಗುರಾಣಿಗಳನ್ನು ಈಗ ಕಲಾಸಂಗ್ರಾಹಕರು ಕೊಳ್ಳುತ್ತಾರೆ.