ಯಾವ ಚರ್ಚಿಗೆ ಹೋಗುತ್ತೀ?

ಕಳೆದ ದಸರಾ ಊಟದ ಸಾಲಿನಲ್ಲಿ ಮಿತ್ರರೊಬ್ಬರು ಒಂದು ಪ್ರಸಂಗ ಹೇಳಿದರು. ಅವರ ಮಗಳು ಇಲ್ಲಿಯ ಶಾಲಾ ಮಂಡಳಿಯ ಚುನಾವಣೆಗೆ ನಿಂತಿದ್ದಳು. ಮನೆ ಮನೆಗೆ ಹೋಗಿ ಮತ ಕೇಳುವಾಗ ಒಬ್ಬ ಅಜ್ಜಿ ಕರಪತ್ರವನ್ನು ಪೂರ್ತಿ ಓದಿ, "ಎಲ್ಲ ಸರಿಯಮ್ಮ, ನೀನು ಯಾವ ಚರ್ಚಿಗೆ ಹೋಗುತ್ತೀ?" ಎಂದರಂತೆ. ಹುಡುಗಿ "ಎಲ್ಲಿಗೂ ಇಲ್ಲ" ಎಂದುಬಿಟ್ಟಳು. ಅಪ್ಪನಿಗೆ ಕಸಿವಿಸಿ. "ಲಿವರ್‌ಮೋರ್ ದೇವಸ್ಥಾನ ಅಂತಲಾದರೂ ಹೇಳಬಾರದಿತ್ತೇ? ಅದಿರಲಿ, ಹಾಗೆ ಕೇಳೋದಕ್ಕೆ ಕಾನೂನು ಬಿಡುತ್ತದೆಯೇ ಡಾಕ್ಟರೇ?"

ನಾನು ಓದಿದ್ದು ವೈದ್ಯಶಾಸ್ತ್ರ, ಕಾನೂನಲ್ಲ. ಆದರೆ ಚರಿತ್ರೆ ಓದುವ ಚಟವಿದೆ. ಪಾಯಸ ಬರುವಷ್ಟರಲ್ಲಿ ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಜ್ಜಿ ಕೇಳಬಹುದು, ಸರ್ಕಾರ ಕೇಳುವಂತಿಲ್ಲ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಿದ್ಧವಾದ ಸಂವಿಧಾನದ ಆರನೆಯ ವಿಧಿಯ ಕೊನೆಯಲ್ಲಿ, ಕೇಂದ್ರ ಸರ್ಕಾರದ ಯಾವ ಹುದ್ದೆಗೂ ಧರ್ಮದ ಪರೀಕ್ಷೆ ಇರಕೂಡದೆಂದು ಬರೆದಿದೆ. ದಕ್ಷಿಣ ಕೆರೊಲಿನಾದ ಚಾರ್ಲ್ಸ್ ಪಿಂಕ್ನಿ ಸೂಚಿಸಿದ ಮಾತು ಅದು. ಆಗ ಬಹುಪಾಲು ರಾಜ್ಯಗಳಲ್ಲೇ ಅಂಥ ಪರೀಕ್ಷೆಗಳಿದ್ದವು. ಹೀಗಾಗಿ ಮರುವರ್ಷ ಉತ್ತರ ಕೆರೊಲಿನಾದ ಸಭೆಯಲ್ಲಿ ಹೆನ್ರಿ ಅಬಟ್ ಎಂಬ ಪಾದ್ರಿ ಎದ್ದು, ಪರೀಕ್ಷೆ ಇಲ್ಲದಿದ್ದರೆ ಪೇಗನ್ನರೂ ಮುಸಲ್ಮಾನರೂ ಅಧಿಕಾರಕ್ಕೆ ಬಂದಾರೆಂದು ಜನರಿಗೆ ಭಯವಿದೆ ಎಂದರು. ಪೇಗನ್ನರು ಎಂದರೆ ವಿಗ್ರಹ ಪೂಜೆ ಮಾಡುವವರು. ಗಣಪತಿ ಕೂರಿಸುವ ನಾವೇ ಅನ್ನಿ! ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾದ ಜೇಮ್ಸ್ ಐರ್‌ಡೆಲ್ ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಒಂದು ಗುಂಪನ್ನು ಹೊರಗಿಟ್ಟರೆ ನಮ್ಮದೇ ಧಾರ್ಮಿಕ ಸ್ವಾತಂತ್ರ್ಯದ ತತ್ತ್ವ ಉಳಿಯುವುದು ಹೇಗೆ ಎಂದು ಕೇಳಿದರು. ಜೊತೆಗೇ, ಅಂಥವರನ್ನು ಜನ ಆರಿಸುವುದೂ ಇಲ್ಲವೆಂದು ಸಮಾಧಾನ ಹೇಳಿದರು. ಕಾನೂನಿನಲ್ಲಿ ಬಾಗಿಲು ತೆರೆದಿರಲಿ, ಮತದಾರನೇ ಮುಚ್ಚಿಕೊಳ್ಳುತ್ತಾನೆ ಎಂಬ ಲೆಕ್ಕ. ಆ ಲೆಕ್ಕ 1956ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲೇ ತಪ್ಪಾಯಿತು: ಪಂಜಾಬಿನಲ್ಲಿ ಸಿಖ್ ಮನೆಯಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಕಾಂಗ್ರೆಸ್ಸಿಗೆ ಆರಿಸಿ ಹೋದರು.

ಕ್ಯಾಲಿಫೋರ್ನಿಯಾ 1849ರ ತನ್ನ ಮೊದಲ ಸಂವಿಧಾನದಲ್ಲೇ, ನಿಗದಿಯಾದ ಪ್ರಮಾಣವಚನದ ಹೊರತು ಬೇರೆ ಪರೀಕ್ಷೆ ಕೂಡದೆಂದಿತ್ತು. ಬೇರೆ ಕೆಲವು ರಾಜ್ಯಗಳು ಬಿಡಲಿಲ್ಲ. ಮೇರಿಲ್ಯಾಂಡಿನ ರಾಯ್ ಟೊರ್ಕಾಸೊ ನೋಟರಿಯಾಗಿ ನೇಮಕವಾದರೂ, ದೇವರಿದ್ದಾನೆಂದು ಘೋಷಿಸಲು ಒಪ್ಪದ್ದಕ್ಕೆ ಆ ಸಣ್ಣ ಹುದ್ದೆ ತಪ್ಪಿತು. 1961ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅವರ ಪರ ತೀರ್ಪಿತ್ತಿತು.

ಕೋರ್ಟಿನಲ್ಲಿ ಗೆದ್ದರೂ ಬೀದಿಯಲ್ಲಿ ಅಳುಕು ಹೋಗಲಿಲ್ಲ. ನಮ್ಮವರು ಬಹಳ ಮಂದಿ ಇರುವ ಫ್ರೀಮಾಂಟನ್ನು ಪ್ರತಿನಿಧಿಸುತ್ತಿದ್ದ ಪೀಟ್ ಸ್ಟಾರ್ಕ್ ವೈದ್ಯರಿಗೆಲ್ಲ ಗೊತ್ತು. ನಮ್ಮ ಸ್ವಂತ ಪಾಲಿರುವ ಲ್ಯಾಬಿಗೆ ಮೆಡಿಕೇರ್ ರೋಗಿಗಳನ್ನು ಕಳಿಸಬಾರದೆಂಬ 'ಸ್ಟಾರ್ಕ್ ಕಾನೂನು' ಅವರದೇ. (ಕೆಲವು ವೈದ್ಯಮಿತ್ರರು ಇನ್ನೂ ಅವರನ್ನು ಕ್ಷಮಿಸಿಲ್ಲ.) 1973ರಿಂದ ಕಾಂಗ್ರೆಸ್ಸಿನಲ್ಲಿದ್ದ ಅವರು, ತಾವು ಪರಮಾತ್ಮನನ್ನು ನಂಬುವವರಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡದ್ದು 2007ರಲ್ಲಿ, 34 ವರ್ಷಗಳ ನಂತರ. ಕಾಂಗ್ರೆಸ್ಸಿನಲ್ಲಿದ್ದುಕೊಂಡು ಹಾಗೆ ಹೇಳಿದ ಮೊದಲಿಗರೆಂದು ಪತ್ರಿಕೆಗಳು ಬರೆದವು. ಮತದಾರರು ಅವರನ್ನು 2008, 2010ರಲ್ಲಿ ಮತ್ತೆ ಆರಿಸಿದರು. 2012ರಲ್ಲಿ ಸೋತರು.

"ನಮ್ಮ ದೇಶದಲ್ಲಿ ಈ ರಗಳೆ ಇಲ್ಲವಲ್ಲ" ಎಂದರು ಮಿತ್ರರು. ಇತ್ತು, ಅದೂ ಮಂಗಳೂರಿನಲ್ಲಿ ಹುಟ್ಟಿದವರಿಂದಲೇ! ಐ.ಸಿ.ಎಸ್. ಬಿಟ್ಟು ಸುಭಾಷರ ಹಿಂದೆ ಹೋದ ಹರಿ ವಿಷ್ಣು ಕಾಮತರು ಸಂವಿಧಾನ ರಚನಾ ಸಭೆಯಲ್ಲಿದ್ದರು. ರಾಷ್ಟ್ರಪತಿಗಳ ಪ್ರಮಾಣವಚನದಲ್ಲಿ ದೇವರ ಹೆಸರಿಗೆ ಜಾಗ ಬೇಕೆಂದು 1948ರ ಡಿಸೆಂಬರಿನಲ್ಲಿ ಹಟ ಹಿಡಿದು ಗೆದ್ದರು. ಆದರೆ ನಂಬದವರಿಗೆ ಸತ್ಯನಿಷ್ಠೆಯ ಪ್ರತಿಜ್ಞೆಯೂ ಪಕ್ಕದಲ್ಲೇ ಉಳಿಯಿತು. ಮರುವರ್ಷ ಅಕ್ಟೋಬರ್ 17ರಂದು, ಪೀಠಿಕೆಯೇ ದೇವರ ಹೆಸರಿನಿಂದ ಆರಂಭವಾಗಲಿ ಎಂದರು. ಇಂಥ ಅಂತರಂಗದ ವಿಷಯವನ್ನು ಮತಕ್ಕೆ ಹಾಕಬೇಡಿ ಎಂದು ಹಲವರು ಬೇಡಿಕೊಂಡರೂ ಕೇಳಲಿಲ್ಲ. ಪರ 41, ವಿರೋಧ 68. ದೇವರು ಸೋತ ಎಂದು ನೊಂದುಕೊಳ್ಳಬಹುದು. ದಿನವೂ ದೀಪ ಹಚ್ಚುವ ನನಗೆ ಮಾತ್ರ ಆ 68 ಮಂದಿಯೇ ಸರಿ ಎನ್ನಿಸುತ್ತದೆ. ಪೀಠಿಕೆಯಲ್ಲಾದರೆ ಎರಡನೆಯ ಸಾಲಿಗೆ ಜಾಗವಿರುತ್ತಿರಲಿಲ್ಲ.

ಹುಡುಗಿ ಗೆದ್ದಳು. ಕ್ಯಾಲಿಫೋರ್ನಿಯಾದ ಪ್ರಮಾಣವಚನದಲ್ಲಿ ದೇವರ ಹೆಸರೇ ಇಲ್ಲ. ಆಣೆ ಇಡುತ್ತೇನೆ ಎನ್ನಬಹುದು, ಇಲ್ಲವೇ ಪ್ರತಿಜ್ಞೆ ಮಾಡುತ್ತೇನೆ ಎನ್ನಬಹುದು. ತಾನು ಯಾವುದನ್ನು ಹೇಳುತ್ತೇನೆಂದು ಅವಳು ನನಗೆ ಹೇಳಿದ್ದಾಳೆ. ಅಪ್ಪನಿಗೆ ಇನ್ನೂ ಹೇಳಿಲ್ಲ.